ಬಾಲದ ಬೆಟ್ಟ ತಲೆಗೆ ಬಂದದ್ದು

ಭಾರತದ ಕೊನೆಯ ವೈಸ್‌ರಾಯ್ ಯಾರು ಎಂದು ಕೇಳಿದರೆ ಶಾಲೆಗೆ ಹೋಗುವ ಹುಡುಗರೂ ಥಟ್ಟನೆ ‘ಲಾರ್ಡ್ ಮೌಂಟ್‌ಬ್ಯಾಟನ್’ ಎನ್ನುತ್ತಾರೆ. ಹೆಸರು ಕಿವಿಗೆ ಬಿದ್ದೊಡನೆ ಕಣ್ಣ ಮುಂದೆ ನಿಲ್ಲುವುದು ನೌಕಾಪಡೆಯ ಬಿಳಿ ಸಮವಸ್ತ್ರ, ಎದೆ ತುಂಬ ಪದಕ, ಅಪ್ಪಟ ಇಂಗ್ಲಿಷ್ ಠೀವಿ. ಯಾವುದೋ ಇಂಗ್ಲಿಷ್ ಸೀಮೆಯಲ್ಲಿ ಶತಮಾನಗಳಿಂದ ಕೋಟೆ ಕಟ್ಟಿಕೊಂಡು ಬಾಳಿದ ಮನೆತನದ ಹೆಸರಿರಬೇಕು ಎನಿಸುತ್ತದೆ. ನಿಜ ಸಂಗತಿ ಬೇರೆ. 1947ರ ಮಾರ್ಚ್ 22ರಂದು ಆತ ದೆಹಲಿಯಲ್ಲಿ ಬಂದಿಳಿದಾಗ ಆ ಹೆಸರಿಗೆ ಇನ್ನೂ ಮೂವತ್ತು ವರ್ಷ ತುಂಬಿರಲಿಲ್ಲ. ಹೆಸರಿಗಿಂತ ಹೆಸರಿನ ಒಡೆಯನೇ ಹದಿನೇಳು ವರ್ಷ ದೊಡ್ಡವ! 1900ರಲ್ಲಿ ಹುಟ್ಟಿದಾಗ ಅವನು ಮೌಂಟ್‌ಬ್ಯಾಟನ್ ಆಗಿರಲಿಲ್ಲ. ಬ್ಯಾಟನ್‌ಬರ್ಗಿನ ರಾಜಕುಮಾರ ಲೂಯಿ ಆಗಿದ್ದ. ಅದು ಜರ್ಮನಿಯ ಒಂದು ಊರಿನ ಹೆಸರು.

ಊರ ಹೆಸರನ್ನು ಮನುಷ್ಯರಿಗೆ ಕಟ್ಟುವುದು ನಮಗೇನೂ ಹೊಸತಲ್ಲ. ಮಾಸ್ತಿ, ಗೊರೂರು ಎಂದರೆ ನಮಗೆ ಊರು ನೆನಪಾಗುವುದಕ್ಕಿಂತ ಮೊದಲು ಇಬ್ಬರು ಹಿರಿಯ ಲೇಖಕರು ನೆನಪಾಗುತ್ತಾರೆ. ನಾವು ಊರನ್ನು ಹೆಸರಿನ ಮುಂದೆ ಇಡುತ್ತೇವೆ. ಜರ್ಮನರು ‘ಫಾನ್’ ಎಂಬ ಪ್ರತ್ಯಯ ಹಚ್ಚಿ ಹಿಂದೆ ಇಡುತ್ತಾರೆ. ‘ಫಾನ್ ಬ್ಯಾಟನ್‌ಬರ್ಗ್’ ಅಂದರೆ ಬ್ಯಾಟನ್‌ಬರ್ಗಿನವರು, ಅಷ್ಟೆ. ‘ಬರ್ಗ್’ ಎಂದರೆ ಬೆಟ್ಟ. ಮಧ್ಯ ಜರ್ಮನಿಯ ಹೆಸ್ಸೆ ಪ್ರಾಂತ್ಯದಲ್ಲಿ ಏಡರ್ ನದಿಯ ದಂಡೆಯ ಮೇಲೆ ಈ ಊರಿದೆ. ಇಂದಿಗೂ ಕೆಲವೇ ಸಾವಿರ ಜನರಿರುವ ಸಣ್ಣ ಪಟ್ಟಣ. ಹಿಂದೆ ಇಲ್ಲಿ ಆಳುತ್ತಿದ್ದ ಪಾಳೆಯಗಾರರ ಮನೆತನವೊಂದು ಈ ಹೆಸರು ಹೊತ್ತಿತ್ತು. ಆ ವಂಶ ಹದಿನಾಲ್ಕನೆಯ ಶತಮಾನದ ಆರಂಭದಲ್ಲೇ ನಿಂತುಹೋಯಿತು. ಆಮೇಲೆ ಐನೂರು ವರ್ಷ ಆ ಹೆಸರು ಯಾರಿಗೂ ಬೇಡವಾಗಿ ಊರಲ್ಲೇ ಬಿದ್ದುಕೊಂಡಿತ್ತು.

ಅದಕ್ಕೆ ಮತ್ತೆ ಜೀವ ಬಂದದ್ದು ಒಂದು ‘ಬೇಡದ ಮದುವೆ’ಯಿಂದ.

ಹೆಸ್ಸೆಯ ರಾಜಮನೆತನದ ಅಲೆಕ್ಸಾಂಡರ್ ಎಂಬ ರಾಜಕುಮಾರ ರಷ್ಯಾದ ಸೈನ್ಯದಲ್ಲಿ ಅಧಿಕಾರಿಯಾಗಿದ್ದ. ಅವನ ತಂಗಿ ರಷ್ಯಾದ ಯುವರಾಜನ ಹೆಂಡತಿ. ಆ ತಂಗಿಯ ಸಖಿಯರಲ್ಲಿ ಜೂಲಿಯಾ ಹೌಕೆ ಎಂಬಾಕೆ ಇದ್ದಳು. ವಾರ್ಸಾದಲ್ಲಿ ಹುಟ್ಟಿದವಳು. ತಂದೆ ಜರ್ಮನ್ ಮೂಲದವನು, ಪೋಲೆಂಡಿನಲ್ಲಿ ಸೇನಾಪತಿಯಾಗಿದ್ದ. 1830ರ ವಾರ್ಸಾ ದಂಗೆಯಲ್ಲಿ ರಷ್ಯಾದ ಪರ ನಿಂತದ್ದಕ್ಕಾಗಿ ಬೀದಿಯಲ್ಲೇ ಕೊಲೆಯಾದ. ಅನಾಥೆಯಾದ ಮಗಳು ಅರಮನೆಯ ಆಶ್ರಯಕ್ಕೆ ಬಂದಿದ್ದಳು. ರಾಜಕುಮಾರನಿಗೂ ಸಖಿಗೂ ಪ್ರೇಮವಾಯಿತು. ಚಕ್ರವರ್ತಿ ಕೆಂಡವಾದ. ಇಬ್ಬರೂ ರಷ್ಯಾ ಬಿಟ್ಟು ಬಂದು 1851ರ ಅಕ್ಟೋಬರಿನಲ್ಲಿ ಬ್ರೆಸ್ಲೌ ನಗರದಲ್ಲಿ ಮದುವೆಯಾದರು.

ಅಂದಿನ ಜರ್ಮನ್ ರಾಜಮನೆತನಗಳಲ್ಲಿ ಸರಿಸಮಾನಳಲ್ಲದ ಹೆಣ್ಣನ್ನು ಮದುವೆಯಾದರೆ ಅದಕ್ಕೆ ‘ಎಡಗೈ ಮದುವೆ’ ಎನ್ನುತ್ತಿದ್ದರು. ಹೆಂಡತಿಗೆ ಗಂಡನ ಪದವಿ ಇಲ್ಲ, ಮಕ್ಕಳಿಗೆ ಸಿಂಹಾಸನದ ಹಕ್ಕಿಲ್ಲ, ಮನೆತನದ ಹೆಸರೂ ಇಲ್ಲ. ಹಾಗಾದರೆ ಹುಟ್ಟುವ ಮಕ್ಕಳನ್ನು ಏನೆಂದು ಕರೆಯುವುದು? ಹೆಸ್ಸೆಯನ್ನಾಳುತ್ತಿದ್ದ ಅಣ್ಣ ತಮ್ಮನ ಮೇಲಿನ ಕರುಣೆಯಿಂದ ಒಂದು ಉಪಾಯ ಹುಡುಕಿದ. ಯಾರೂ ಬಳಸದೆ ಬಿಟ್ಟಿದ್ದ ‘ಬ್ಯಾಟನ್‌ಬರ್ಗ್’ ಹೆಸರನ್ನು ಧೂಳು ಕೊಡವಿ ಜೂಲಿಯಾಳಿಗೆ ಕೊಟ್ಟ. 1851ರಲ್ಲಿ ಆಕೆ ಬ್ಯಾಟನ್‌ಬರ್ಗಿನ ಕೌಂಟೆಸ್, 1858ರಲ್ಲಿ ರಾಜಕುಮಾರಿ. ಅಂದರೆ ಈ ಹೆಸರು ಹುಟ್ಟುವಾಗಲೇ ಒಂದು ಕೀಳರಿಮೆಯನ್ನು ಬೆನ್ನಿಗೆ ಕಟ್ಟಿಕೊಂಡು ಹುಟ್ಟಿತು. ನೀವು ನಮ್ಮವರು, ಆದರೆ ಪೂರ್ತಿ ನಮ್ಮವರಲ್ಲ ಎಂಬುದೇ ಅದರ ಅರ್ಥ. ಮುಂದೆ ನೂರು ವರ್ಷ ಇದೇ ಮಾತನ್ನು ಬೇರೆ ಬೇರೆ ದೇಶದವರು ಬೇರೆ ಬೇರೆ ರೀತಿಯಲ್ಲಿ ಈ ಮನೆಯವರಿಗೆ ಹೇಳುತ್ತಲೇ ಬಂದರು.

ಸಿಂಹಾಸನದ ಆಸೆ ಇಲ್ಲದ ಮಕ್ಕಳು ಊರು ಬಿಟ್ಟು ಹೊರಡಲೇಬೇಕಲ್ಲ! ಜೂಲಿಯಾಳ ಗಂಡುಮಕ್ಕಳು ಯುರೋಪಿನ ತುಂಬ ಚದುರಿದರು. ಎರಡನೆಯವನಾದ ಅಲೆಕ್ಸಾಂಡರ್ 1879ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ತುರ್ಕರ ಹಿಡಿತದಿಂದ ಆಗಷ್ಟೇ ಬಿಡಿಸಿಕೊಂಡಿದ್ದ ಬಲ್ಗೇರಿಯಕ್ಕೆ ಅರಸನಾಗಿ ಹೋದ. ಸರ್ಬಿಯದ ಮೇಲೆ ಯುದ್ಧ ಗೆದ್ದ. ಆದರೆ ರಷ್ಯಾ ಹೇಳಿದಂತೆ ಕುಣಿಯಲಿಲ್ಲ. 1886ರಲ್ಲಿ ಸೇನಾಧಿಕಾರಿಗಳೇ ರಾತ್ರೋರಾತ್ರಿ ಅವನನ್ನು ಅಪಹರಿಸಿ ದೇಶದಿಂದಾಚೆ ಸಾಗಿಸಿದರು. ಮರಳಿ ಬಂದರೂ ಸಿಂಹಾಸನ ಉಳಿಯಲಿಲ್ಲ. ಮೂರು ವರ್ಷಗಳ ನಂತರ ಒಬ್ಬ ಗಾಯಕಿಯನ್ನು ಮದುವೆಯಾಗಿ, ರಾಜಕುಮಾರನ ಹೆಸರನ್ನು ಬಿಟ್ಟು ಹಾರ್ಟನೌ ಎಂಬ ಬೇರೆ ಹೆಸರು ಇಟ್ಟುಕೊಂಡ. ಅಪ್ಪನ ಮದುವೆಯಿಂದ ಹುಟ್ಟಿದ ಹೆಸರನ್ನು ಮಗ ತನ್ನ ಮದುವೆಗಾಗಿ ಕಳಚಿಟ್ಟ! 1893ರಲ್ಲಿ ಮೂವತ್ತಾರನೆಯ ವಯಸ್ಸಿನಲ್ಲಿ ಸತ್ತ. ಸೋಫಿಯಾ ನಗರದಲ್ಲಿರುವ ಅವನ ಗೋರಿಯನ್ನು ಇಂದಿಗೂ ‘ಬ್ಯಾಟನ್‌ಬರ್ಗ್ ಸಮಾಧಿ’ ಎಂದೇ ಕರೆಯುತ್ತಾರೆ. ತಾನು ಬಿಟ್ಟ ಹೆಸರು ಸಾವಿನಲ್ಲಿ ಬಂದು ಹಿಡಿದುಕೊಂಡಿತು.

ಮೂರನೆಯವನು ಹೆನ್ರಿ. 1885ರಲ್ಲಿ ವಿಕ್ಟೋರಿಯಾ ರಾಣಿಯ ಕೊನೆಯ ಮಗಳು ಬಿಯಾಟ್ರಿಸಳನ್ನು ಮದುವೆಯಾದ. ಮಗಳನ್ನು ಬಿಟ್ಟಿರಲಾರದ ರಾಣಿ, ಮದುವೆಯ ನಂತರವೂ ತನ್ನ ಜೊತೆಯೇ ಇರಬೇಕೆಂದು ಷರತ್ತು ಹಾಕಿದಳು. ಹೆನ್ರಿ ಮನೆ ಅಳಿಯನಾದ. ಕುಳಿತು ಉಣ್ಣುವುದು ಬೇಸರವಾಗಿ ಆಫ್ರಿಕದ ಅಶಾಂತಿ ದಂಡಯಾತ್ರೆಗೆ ಹೊರಟು, ಮಲೇರಿಯಾ ತಗುಲಿ 1896ರಲ್ಲಿ ಹಡಗಿನಲ್ಲೇ ಪ್ರಾಣ ಬಿಟ್ಟ. ಅವನ ಮಗಳು 1906ರಲ್ಲಿ ಸ್ಪೇನಿನ ದೊರೆಯನ್ನು ವರಿಸಿದಳು. ಮದುವೆಯ ಮೆರವಣಿಗೆಯ ಮೇಲೆಯೇ ಬಾಂಬು ಬಿತ್ತು. ವಧೂವರರು ಕೂದಲೆಳೆಯಲ್ಲಿ ಪಾರಾದರು. ಸ್ಪೇನಿನ ಇಂದಿನ ದೊರೆ ಆರನೆಯ ಫೆಲಿಪೆ ಆಕೆಯ ಮರಿಮಗ.

ನಮ್ಮ ಕತೆಗೆ ಮುಖ್ಯನಾದವನು ಹಿರಿಯ ಮಗ ಲೂಯಿ. ಸಮುದ್ರವೇ ಇಲ್ಲದ ಸೀಮೆಯ ಹುಡುಗನಿಗೆ ಹಡಗಿನ ಹುಚ್ಚು. 1868ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಇಂಗ್ಲೆಂಡಿಗೆ ಬಂದು ಬ್ರಿಟಿಷ್ ಪ್ರಜೆಯಾಗಿ ನೌಕಾಪಡೆ ಸೇರಿದ. ಜರ್ಮನ್ ಸಾಮ್ರಾಜ್ಯ ಒಂದಾಗಿ ಕಟ್ಟಲ್ಪಟ್ಟದ್ದು 1871ರಲ್ಲಿ. ಅಂದರೆ ಅವನು ಬಿಟ್ಟುಬಂದನೆಂದು ಮುಂದೆ ಜನ ಆಡಿಕೊಂಡ ದೇಶ ಅವನು ಹೊರಟಾಗ ಇರಲೇ ಇಲ್ಲ. 1875-76ರಲ್ಲಿ ವೇಲ್ಸ್ ರಾಜಕುಮಾರನ ಪರಿವಾರದಲ್ಲಿ ಭಾರತವನ್ನೂ ಸುತ್ತಿ ಹೋದ. ರಾಣಿಯ ಮೊಮ್ಮಗಳನ್ನು 1884ರಲ್ಲಿ ಮದುವೆಯಾದ. ನಸುಗೆಂಪು ಮತ್ತು ಹಳದಿ ಚೌಕಗಳ ‘ಬ್ಯಾಟನ್‌ಬರ್ಗ್ ಕೇಕ್’ ಈ ಮದುವೆಯ ನೆನಪಿಗೆ ಹುಟ್ಟಿದ್ದೆಂದು ಪ್ರತೀತಿ. ಕೆಲಸದಲ್ಲಿ ಮಾತ್ರ ಹಂಗಿನ ಬಡ್ತಿ ಎನ್ನುವಂತಿರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರಿ 1912ರಲ್ಲಿ ನೌಕಾಪಡೆಯ ಅತ್ಯುನ್ನತ ಹುದ್ದೆಯಾದ ‘ಫಸ್ಟ್ ಸೀ ಲಾರ್ಡ್’ ಆದ.

1914ರ ಜುಲೈ ಕೊನೆ. ಸಮರಾಭ್ಯಾಸಕ್ಕೆಂದು ಒಂದೆಡೆ ಸೇರಿದ್ದ ಬ್ರಿಟಿಷ್ ಹಡಗುಗಳು ಚದುರಿ ತಂತಮ್ಮ ಬಂದರುಗಳಿಗೆ ಹೋಗಬೇಕಿತ್ತು. 26ನೆಯ ತಾರೀಖು ಭಾನುವಾರ. ನೌಕಾಮಂತ್ರಿ ಚರ್ಚಿಲ್ ಹೆಂಡತಿ ಮಕ್ಕಳ ಜೊತೆ ಸಮುದ್ರ ತೀರದಲ್ಲಿದ್ದ. ಯುರೋಪಿನ ಸುದ್ದಿ ಕೆಡುತ್ತಿರುವುದನ್ನು ಕಂಡ ಲೂಯಿ ಹಡಗುಗಳು ಚದುರಕೂಡದೆಂದು ಆಜ್ಞೆ ಕಳಿಸಿದ. ಹತ್ತೇ ದಿನಗಳಲ್ಲಿ ಯುದ್ಧ ಶುರುವಾದಾಗ ಬ್ರಿಟನ್ನಿನ ನೌಕಾಬಲ ಸಿದ್ಧವಾಗಿ ನಿಂತಿತ್ತೆಂದರೆ ಅದಕ್ಕೆ ಈ ಜರ್ಮನ್ ಹೆಸರಿನ ಮನುಷ್ಯನೇ ಕಾರಣ.

ಆದರೆ ಯುದ್ಧಕಾಲದಲ್ಲಿ ಜನ ನೋಡುವುದು ಕೆಲಸವನ್ನಲ್ಲ, ಹೆಸರನ್ನು. ಮೊದಲ ತಿಂಗಳುಗಳಲ್ಲಿ ಬ್ರಿಟಿಷ್ ಹಡಗುಗಳು ಮುಳುಗಿದಾಗಲೆಲ್ಲ ಗುಸುಗುಸು ಎದ್ದಿತು. ಪತ್ರಿಕೆಗಳು ಬೆರಳು ತೋರಿಸಿದವು. ಬ್ಯಾಟನ್‌ಬರ್ಗ್ ಗೂಢಚಾರನಂತೆ, ಲಂಡನ್ ಟವರಿನ ಸೆರೆಗೆ ತಳ್ಳಿದ್ದಾರಂತೆ ಎಂಬ ಗಾಳಿಮಾತು ನೌಕಾಶಾಲೆಯಲ್ಲಿ ಓದುತ್ತಿದ್ದ ಅವನ ಕಿರಿಮಗನ ಕಿವಿಗೂ ಬಿತ್ತು. ಅಕ್ಟೋಬರ್ 27ರಂದು ಬೆಲ್ಜಿಯಮ್ಮಿನ ಈಪ್ರ್ ರಣರಂಗದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬ ಜರ್ಮನರ ಗುಂಡಿಗೆ ಬಿದ್ದ. ಅವನ ಹೆಸರು ಬ್ಯಾಟನ್‌ಬರ್ಗಿನ ಮಾರಿಸ್. ಹೆನ್ರಿಯ ಮಗ, ಲೂಯಿಯ ತಮ್ಮನ ಮಗ. ವಯಸ್ಸು ಇಪ್ಪತ್ತಮೂರು. ಮರುದಿನ, ಅಕ್ಟೋಬರ್ 28ರಂದು, ಲೂಯಿ ರಾಜೀನಾಮೆ ಪತ್ರ ಬರೆದ. ತನ್ನ ಹುಟ್ಟು ಮತ್ತು ಮೂಲ ಕೆಲಸಕ್ಕೆ ಅಡ್ಡಿಯಾಗುತ್ತಿವೆ ಎಂಬುದೇ ಅವನು ಕೊಟ್ಟ ಕಾರಣ. ನಲವತ್ತಾರು ವರ್ಷದ ಸೇವೆ, ಹಿಂದಿನ ದಿನವಷ್ಟೇ ಬಿದ್ದ ಹೆಣ, ಎರಡೂ ಸೇರಿ ಒಂದು ಹೆಸರಿನ ತೂಕಕ್ಕೆ ಸಮವಾಗಲಿಲ್ಲ.

ದೊಡ್ಡವರ ಪಾಡೇ ಹೀಗಾದರೆ ಸಾಮಾನ್ಯರದು ಹೇಳಬೇಕೆ? 1915ರ ಮೇ ತಿಂಗಳಲ್ಲಿ ‘ಲುಸಿಟಾನಿಯ’ ಹಡಗು ಮುಳುಗಿದಾಗ ಇಂಗ್ಲೆಂಡಿನ ಊರೂರಲ್ಲಿ ಜರ್ಮನ್ ಹೆಸರಿನ ಅಂಗಡಿಗಳ ಗಾಜು ಪುಡಿಯಾಯಿತು. ಇದೇ ಬಿಸಿ ನಮ್ಮ ಕರಾವಳಿಗೂ ತಟ್ಟಿತು. 1834ರಿಂದ ಮಂಗಳೂರಿನಲ್ಲಿ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ ಎಂದು ಬೇರು ಬಿಟ್ಟಿದ್ದ ಬಾಸೆಲ್ ಮಿಶನ್ನಿನ ಜರ್ಮನರು ಶತ್ರುಗಳೆನಿಸಿಕೊಂಡರು. ಸೆರೆ ಶಿಬಿರ ಸೇರಿ, ಕೊನೆಗೆ ದೇಶ ಬಿಡಬೇಕಾಯಿತು. ಅವರ ಹೆಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ನಾಯಿಗಳನ್ನೂ ಬಿಡಲಿಲ್ಲ. ಜರ್ಮನ್ ಶೆಫರ್ಡ್ ತಳಿಗೆ ಇಂಗ್ಲಿಷರು ಯುದ್ಧಾನಂತರ ‘ಅಲ್ಸೇಷಿಯನ್’ ಎಂದು ಬೇರೆ ನಾಮಕರಣ ಮಾಡಿದರು. ನಮ್ಮಲ್ಲಿ ಬಂಗಲೆಗಳ ಗೇಟಿನ ಮೇಲೆ ‘ನಾಯಿ ಇದೆ ಎಚ್ಚರಿಕೆ’ ಎಂಬ ಹಲಗೆಯ ಹಿಂದೆ ಬೊಗಳುತ್ತಿದ್ದುದು ಈ ಮರುನಾಮಕರಣಗೊಂಡ ಪ್ರಾಣಿಯೇ.

1917ಕ್ಕೆ ಸಂಗತಿ ರಾಜನ ಬುಡಕ್ಕೇ ಬಂತು. ಐದನೆಯ ಜಾರ್ಜನ ಮನೆತನದ ಹೆಸರು ‘ಸ್ಯಾಕ್ಸ್ ಕೋಬರ್ಗ್ ಗೋಥಾ’. ಅದೇ ವರ್ಷ ಜೂನ್ 13ರಂದು ಲಂಡನ್ನಿನ ಮೇಲೆ ಬಾಂಬು ಸುರಿದು ನೂರರವತ್ತಕ್ಕೂ ಹೆಚ್ಚು ಜನರನ್ನು ಕೊಂದ ಜರ್ಮನ್ ವಿಮಾನಗಳ ಹೆಸರೂ ‘ಗೋಥಾ’! ಇನ್ನು ತಡಮಾಡುವಂತಿರಲಿಲ್ಲ. ಜುಲೈ 17ರಂದು ದೊರೆ ತನ್ನ ಮನೆತನಕ್ಕೆ ‘ವಿಂಡ್ಸರ್’ ಎಂದು ಅರಮನೆಯ ಹೆಸರನ್ನೇ ಇಟ್ಟುಕೊಂಡ. ಇಂಗ್ಲೆಂಡಿನಲ್ಲಿದ್ದ ಬಂಧುಗಳೂ ಜರ್ಮನ್ ಹೆಸರು, ಪದವಿ ಎರಡನ್ನೂ ಬಿಡಬೇಕೆಂದು ಅಪ್ಪಣೆಯಾಗಿತ್ತು.

ಬ್ಯಾಟನ್‌ಬರ್ಗಿನವರು ಹೊಸ ಹೆಸರು ಹುಡುಕಲು ಕುಳಿತರು. ಪೂರ್ತಿ ಬಿಡಲು ಮನಸ್ಸಿಲ್ಲ, ಇಟ್ಟುಕೊಳ್ಳುವಂತಿಲ್ಲ. ಆಗ ಹೊಳೆದದ್ದು ಭಾಷಾಂತರದ ಉಪಾಯ. ನಮ್ಮ ಹೊಸಮನಿಯವರು ‘ನ್ಯೂಹೌಸ್’ ಆದಂತೆ! ಮೊದಲು ‘ಬ್ಯಾಟನ್‌ಹಿಲ್’ ಎಂದು ಯೋಚಿಸಿದರು, ಹಿಡಿಸಲಿಲ್ಲ. ಕೊನೆಗೆ ಆದದ್ದು ‘ಮೌಂಟ್‌ಬ್ಯಾಟನ್’. ಇಲ್ಲೊಂದು ಸ್ವಾರಸ್ಯವಿದೆ. ಬೆಟ್ಟವನ್ನು ಹೆಸರಿನ ಕೊನೆಗಿಡುವುದರಲ್ಲಿ ಜರ್ಮನ್ ನಮ್ಮ ಕನ್ನಡದಂತೆಯೇ. ನಾವು ನಂದಿಬೆಟ್ಟ, ಚಾಮುಂಡಿಬೆಟ್ಟ ಎನ್ನುತ್ತೇವೆ. ಇಂಗ್ಲಿಷಿನವರು ‘ಮೌಂಟ್ ಎವರೆಸ್ಟ್’ ಎಂದು ಬೆಟ್ಟವನ್ನು ಮುಂದಕ್ಕೆ ತರುತ್ತಾರೆ. ಹೀಗಾಗಿ ಬಾಲದಲ್ಲಿದ್ದ ಬೆಟ್ಟ ತಲೆಗೆ ಬಂತು. 1917ರ ಜುಲೈ 14ರಂದು ರಾಜಮುದ್ರೆ ಬಿತ್ತು. ರಾಜಕುಮಾರ ಲೂಯಿ ಕೆಲವು ತಿಂಗಳಲ್ಲೇ ಮಿಲ್ಫರ್ಡ್ ಹೇವನ್ನಿನ ಮಾರ್ಕ್ವಿಸ್ ಆದ. ಹೆಸರು ಬದಲಾಗುವ ಹೊತ್ತಿಗೆ ಅವನು ಮಗನ ಮನೆಯಲ್ಲಿ ತಂಗಿದ್ದನಂತೆ. ಅತಿಥಿ ಪುಸ್ತಕದಲ್ಲಿ ಬಂದದ್ದು ರಾಜಕುಮಾರ ಹೈಡ್, ಹೋದದ್ದು ಲಾರ್ಡ್ ಜೆಕಿಲ್ ಎಂಬರ್ಥದ ಸಾಲು ಗೀಚಿದ ಎಂದು ಹೇಳುತ್ತಾರೆ. ಒಂದೇ ದೇಹದಲ್ಲಿ ಎರಡು ವ್ಯಕ್ತಿತ್ವ ಹೊತ್ತು ನರಳುವವನ ಕತೆ ಓದಿದವರಿಗೆ ಆ ನಗೆಯ ಹಿಂದಿನ ನೋವು ತಿಳಿಯುತ್ತದೆ. ಕೇಕ್ ಮಾತ್ರ ಹೆಸರು ಬದಲಿಸದೆ ಬ್ಯಾಟನ್‌ಬರ್ಗ್ ಆಗಿಯೇ ಉಳಿಯಿತು!

ಲೂಯಿಗೆ ಮತ್ತೆ ಹುದ್ದೆ ಸಿಗಲಿಲ್ಲ. 1921ರ ಆಗಸ್ಟಿನಲ್ಲಿ, ನಿವೃತ್ತರ ಪಟ್ಟಿಯಲ್ಲಿ, ನೌಕಾಪಡೆಯ ಪರಮೋಚ್ಚ ದರ್ಜೆಯನ್ನು ಕೊಟ್ಟರು. ಸೆಪ್ಟೆಂಬರಿನಲ್ಲಿ ತೀರಿಕೊಂಡ.

ಕಿರಿಮಗ ಅದನ್ನು ಮರೆಯಲಿಲ್ಲ. ಹೊಸ ಹೆಸರು ಹೊತ್ತು ತಂದೆಯ ನೌಕಾಪಡೆಯಲ್ಲೇ ಬೆಳೆದ. 1922ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಎಡ್ವಿನಾಳಿಗೆ ಮದುವೆಯ ಮಾತು ಕೊಟ್ಟ. 1943ರಲ್ಲಿ ಆಗ್ನೇಯ ಏಷ್ಯದ ಮಿತ್ರಪಡೆಗಳ ಮಹಾದಂಡನಾಯಕನಾದ. ನೇಮಿಸಿದವನು ಚರ್ಚಿಲ್, ತಂದೆಯ ರಾಜೀನಾಮೆ ಪಡೆದವನೂ ಅವನೇ. 1947ರಲ್ಲಿ ನಮ್ಮ ದೇಶದ ಎರಡು ತುಂಡುಗಳಿಗೂ ಅಧಿಕಾರ ಹಸ್ತಾಂತರಿಸಿದ. ಆಮೇಲೆ 1955ರಲ್ಲಿ, ತಂದೆಯನ್ನು ಎಬ್ಬಿಸಿದ ಅದೇ ಕುರ್ಚಿಯಲ್ಲಿ ‘ಫಸ್ಟ್ ಸೀ ಲಾರ್ಡ್’ ಆಗಿ ಕುಳಿತ. ತಂದೆಗೂ ಮಗನಿಗೂ ರಕ್ತ ಒಂದೇ, ನಿಷ್ಠೆ ಒಂದೇ. ಬದಲಾದದ್ದು ಬೆಟ್ಟದ ಜಾಗ ಮಾತ್ರ.

ಅವನ ಅಕ್ಕ ಆಲಿಸ್‌ಳ ಕತೆಯೂ ಇಲ್ಲಿ ಬರಬೇಕು. ಹುಟ್ಟು ಕಿವುಡಿ. 1903ರಲ್ಲಿ ಗ್ರೀಸಿನ ರಾಜಕುಮಾರನನ್ನು ಮದುವೆಯಾಗಿ ಹೋದದ್ದರಿಂದ 1917ರ ಬದಲಾವಣೆ ಅವಳಿಗೆ ಸೋಕಲಿಲ್ಲ. ಹುಟ್ಟಿದ ಮನೆಯಿಂದ ಅವಳು ಕೊನೆಯವರೆಗೂ ಬ್ಯಾಟನ್‌ಬರ್ಗಿನವಳೇ. ಎರಡನೆಯ ಮಹಾಯುದ್ಧದಲ್ಲಿ ಅವಳ ಅಳಿಯಂದಿರು ಜರ್ಮನರ ಕಡೆ, ಮಗ ಬ್ರಿಟಿಷರ ಕಡೆ. ನಾಜಿಗಳು ಅಥೆನ್ಸ್ ನಗರವನ್ನು ಆಕ್ರಮಿಸಿಕೊಂಡಿದ್ದಾಗ ಈ ಜರ್ಮನ್ ಹೆಸರಿನ ಹೆಂಗಸು ಒಂದು ಯಹೂದಿ ಕುಟುಂಬವನ್ನು ತನ್ನ ಮನೆಯಲ್ಲಿ ಬಚ್ಚಿಟ್ಟು ಬದುಕಿಸಿದಳು. ವಿಚಾರಣೆಗೆ ಬಂದವರ ಮುಂದೆ ತನ್ನ ಕಿವುಡನ್ನೇ ಗುರಾಣಿ ಮಾಡಿಕೊಂಡಳೆಂದು ಹೇಳುತ್ತಾರೆ. 1993ರಲ್ಲಿ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವಳನ್ನು ಯಹೂದಿಗಳನ್ನು ಕಾಪಾಡಿದ ಧರ್ಮಾತ್ಮರ ಸಾಲಿಗೆ ಸೇರಿಸಿತು. ಹೆಸರು ಮನುಷ್ಯ ಎಲ್ಲಿಂದ ಬಂದ ಎಂಬುದನ್ನಷ್ಟೇ ಹೇಳುತ್ತದೆ. ಯಾರ ಪರ ನಿಲ್ಲುತ್ತಾನೆ ಎಂಬುದನ್ನಲ್ಲ. ಇದಕ್ಕೆ ಆಲಿಸ್‌ಳಿಗಿಂತ ಬೇರೆ ಸಾಕ್ಷಿ ಬೇಕೆ?

ಆಲಿಸ್‌ಳ ಆ ಮಗನೇ ಫಿಲಿಪ್. ಇಂಗ್ಲೆಂಡಿನ ಯುವರಾಣಿಯ ಕೈ ಹಿಡಿಯುವ ಮೊದಲು ಅವನು ಬ್ರಿಟಿಷ್ ಪ್ರಜೆಯಾಗಬೇಕಿತ್ತು, ಅದಕ್ಕೊಂದು ಮನೆತನದ ಹೆಸರೂ ಬೇಕಿತ್ತು. ತಂದೆಯ ವಂಶದ ಓಲ್ಡೆನ್‌ಬುರ್ಗನ್ನು ಭಾಷಾಂತರಿಸಿ ‘ಓಲ್ಡ್‌ಕ್ಯಾಸಲ್’ ಮಾಡೋಣವೆಂಬ ಸಲಹೆಯೂ ಬಂತು. ಕೊನೆಗೆ ತಾಯಿಯ ತವರಿನವರು ಇಂಗ್ಲೆಂಡಿನಲ್ಲಿ ಇಟ್ಟುಕೊಂಡಿದ್ದ ಹೆಸರೇ ಗೆದ್ದಿತು. 1947ರ ಮಾರ್ಚಿಯಲ್ಲಿ, ಸೋದರಮಾವ ದೆಹಲಿಗೆ ವಿಮಾನ ಹತ್ತುವ ದಿನಗಳಲ್ಲೇ, ಸೋದರಳಿಯ ‘ಫಿಲಿಪ್ ಮೌಂಟ್‌ಬ್ಯಾಟನ್’ ಆದ ಸುದ್ದಿ ಲಂಡನ್ನಿನ ಗೆಜೆಟಿನಲ್ಲಿ ಅಚ್ಚಾಯಿತು. ನವೆಂಬರಿನಲ್ಲಿ ಮದುವೆ.

1952ರಲ್ಲಿ ಎಲಿಜಬೆತ್ ಸಿಂಹಾಸನವೇರಿದಳು. ಗಂಡನ ಹೆಸರು ಹೆಂಡತಿ ಮಕ್ಕಳಿಗೆ ಬರುವುದು ಲೋಕರೂಢಿ. ಇನ್ನು ಆಳುವುದು ಮೌಂಟ್‌ಬ್ಯಾಟನ್ ಮನೆತನ ಎಂದು ಸೋದರಮಾವ ಊಟದ ಮೇಜಿನಲ್ಲಿ ಬೀಗಿದ ಮಾತು ಮುದಿ ರಾಣಿ ಮೇರಿಯ ಕಿವಿಗೆ ಬಿತ್ತು. ಆಕೆ ಪ್ರಧಾನಿಗೆ ಹೇಳಿ ಕಳಿಸಿದಳು. ಪ್ರಧಾನಿ ಯಾರೆಂದುಕೊಂಡಿರಿ? ಮತ್ತೆ ಚರ್ಚಿಲ್! ಏಪ್ರಿಲ್ 9ರಂದು ಘೋಷಣೆಯಾಯಿತು: ರಾಣಿಯೂ ಮಕ್ಕಳೂ ವಿಂಡ್ಸರ್ ಮನೆತನದವರು. ಮಕ್ಕಳಿಗೆ ತನ್ನ ಹೆಸರು ಕೊಡಲಾಗದ ಗಂಡಸು ಈ ದೇಶದಲ್ಲಿ ನಾನೊಬ್ಬನೇ ಎಂದು ಫಿಲಿಪ್ ಗೊಣಗಿದನಂತೆ. ಎಂಟು ವರ್ಷಗಳ ನಂತರ, 1960ರ ಫೆಬ್ರವರಿ 8ರಂದು, ರಾಣಿ ಒಂದು ರಾಜಿ ಮಾಡಿದಳು. ರಾಜಪದವಿ ಇಲ್ಲದ ತನ್ನ ಸಂತತಿಗೆ ‘ಮೌಂಟ್‌ಬ್ಯಾಟನ್ ವಿಂಡ್ಸರ್’ ಎಂಬ ಜೋಡಿ ಹೆಸರು. ಹನ್ನೊಂದು ದಿನ ಕಳೆದು ಆಕೆಗೆ ಮೂರನೆಯ ಮಗು ಹುಟ್ಟಿತು. ಆಂಡ್ರ್ಯೂ ಎಂದು ಹೆಸರಿಟ್ಟರು.

ರಾಜಪದವಿ ಇರುವವರಿಗೆ ಮನೆತನದ ಹೆಸರು ಬೇಕಾಗುವುದು ಅಪರೂಪ. 2025ರ ಅಕ್ಟೋಬರ್ 30ರಂದು ದೊರೆ ಚಾರ್ಲ್ಸ್, ಅಪಖ್ಯಾತಿಗೆ ಗುರಿಯಾಗಿದ್ದ ತಮ್ಮನ ಪದವಿಗಳನ್ನೆಲ್ಲ ಕಳಚುವ ಕ್ರಮ ಕೈಗೊಂಡಾಗ ಅರಮನೆಯ ಹೇಳಿಕೆಯಲ್ಲಿ ಉಳಿದದ್ದು ಬರೀ ‘ಆಂಡ್ರ್ಯೂ ಮೌಂಟ್‌ಬ್ಯಾಟನ್ ವಿಂಡ್ಸರ್’. ನೂರೆಪ್ಪತ್ತನಾಲ್ಕು ವರ್ಷದ ಹಿಂದೆ ಜೂಲಿಯಾ ಎಂಬ ಸಖಿಗೆ, ರಾಜಮನೆತನದ ಪದವಿ ಕೊಡಲಾಗದು, ಬೇಕಾದರೆ ಈ ಹೆಸರು ಇಟ್ಟುಕೊ ಎಂದು ಕೊಟ್ಟದ್ದು, ಸುತ್ತಿ ಸುತ್ತಿ ಬಂದು ಅದೇ ಕೆಲಸಕ್ಕೆ ನಿಂತಿತು.

ಅಲ್ಸೇಷಿಯನ್ ನಾಯಿಗೆ ಅದರ ಜರ್ಮನ್ ಶೆಫರ್ಡ್ ಎಂಬ ಹೆಸರನ್ನು ಬ್ರಿಟನ್ನಿನ ಕೆನೆಲ್ ಕ್ಲಬ್ 1977ರಲ್ಲಿ ಹಿಂದಿರುಗಿಸಿತು. ಮನುಷ್ಯರಿಗೆ ಹಾಗೆ ಹಿಂದಿರುಗಿಸಿದವರಿಲ್ಲ. ಮೌಂಟ್‌ಬ್ಯಾಟನ್ನಿನವರಿಗೆ ಅದು ಬೇಕಾಗಿಯೂ ಇಲ್ಲವೆನ್ನಿ. ಹೊಸದೇ ಈಗ ಹಳೆಯದಾಗಿದೆ. ಆದರೆ ಗಾಜು ಒಡೆಸಿಕೊಂಡ ಅಂಗಡಿಯವನಿಗೆ, ಹೆಂಚಿನ ಕಾರ್ಖಾನೆ ಬಿಟ್ಟು ಹಡಗು ಹತ್ತಿದವನಿಗೆ ತಮ್ಮ ಹೆಸರನ್ನು ಭಾಷಾಂತರಿಸಿಕೊಡುವ ರಾಜಮುದ್ರೆ ಎಲ್ಲಿತ್ತು? ಯುದ್ಧ, ಗಲಭೆ ಎದ್ದಾಗಲೆಲ್ಲ ಇಂದಿಗೂ ಜನ ಮೊದಲು ಕೇಳುವ ಪ್ರಶ್ನೆ ‘ನಿನ್ನ ಹೆಸರೇನು?’ ಎಂಬುದೇ. ಉತ್ತರ ಕೇಳಿಸಿಕೊಂಡವರು ನೀನೇನು ಮಾಡಿದೆ ಎಂಬ ಎರಡನೆಯ ಪ್ರಶ್ನೆಯನ್ನೂ ಕೇಳಿದ್ದರೆ ಬೆಟ್ಟ ಬಾಲದಲ್ಲೇ ಇರಬಹುದಿತ್ತು.